ಔಷಧಕ್ಕೊಂದು ಕ್ರಿಯಾಪದ

ಭಾಷೆಯ ವಿಚಾರವನ್ನು ಪಂಡಿತರಿಗೂ ಆರೋಗ್ಯದ ವಿಚಾರವನ್ನು ವೈದ್ಯರಿಗೂ ಬಿಟ್ಟು ನಿಶ್ಚಿಂತರಾಗಿರುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಇವೆರಡೂ ಒಂದನ್ನೊಂದು ಸಂಧಿಸುವ ಸ್ಥಳವೊಂದುಂಟು. ಅದೇ ಔಷಧದ ಅಂಗಡಿ. ವೈದ್ಯರ ಜ್ಞಾನವೆಲ್ಲ ಅಲ್ಲಿ ಒಂದು ಸಣ್ಣ ಪೊಟ್ಟಣವಾಗಿ ನಮ್ಮ ಕೈಗೆ ಬರುತ್ತದೆ. ಅದರೊಡನೆ ಒಂದು ಮಾತೂ ಬರುತ್ತದೆ. ಆ ಮಾತಿನ ಜೀವಾಳವಾದ ಕ್ರಿಯಾಪದವು ಸರಿಯಾಗಿರದಿದ್ದರೆ ಪೊಟ್ಟಣದೊಳಗಿನ ವಸ್ತುವು ಎಷ್ಟೇ ಉತ್ತಮವಾಗಿದ್ದರೂ ವ್ಯರ್ಥವಾಗಬಹುದು, ಕೆಲವೊಮ್ಮೆ ಅಪಾಯಕರವೂ ಆಗಬಹುದು. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವ ನನ್ನಂಥವನು ಇದನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಶಬ್ದದ ವ್ಯತ್ಯಾಸದಿಂದ ಏನೇನು ಅನರ್ಥವಾಗಬಲ್ಲದೆಂಬುದನ್ನು ನಮ್ಮ ವೃತ್ತಿಯವರು ಪ್ರತಿದಿನವೂ ಕಾಣುತ್ತೇವೆ. ಅಷ್ಟರಮಟ್ಟಿನ ಅಧಿಕಾರದಿಂದ ಈ ನಾಲ್ಕು ಮಾತುಗಳು.

ನಮ್ಮ ನಗರದ ಸುಲ್ತಾನ್ ಬಜಾರ್ ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರ್ ಎನಿಸಿದ್ದಿತು. ಬ್ರಿಟಿಷ್ ರೆಸಿಡೆಂಟರ ಭವ್ಯ ಭವನದ ಬಗಲಲ್ಲಿ ಬೆಳೆದ ಈ ಪೇಟೆಯಲ್ಲಿ ಇಂದು ಒಂದು ಕಡೆ ಸರ್ಕಾರಿ ಹೆರಿಗೆ ಆಸ್ಪತ್ರೆ, ಸಮೀಪದಲ್ಲಿಯೇ ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಇನ್ನೊಂದು ಕಡೆ ಬ್ಯಾಂಕ್ ಸ್ಟ್ರೀಟ್. ಆದುದರಿಂದ ಹಣದವರೂ ಔಷಧದವರೂ ಇಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತಾರೆ. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುವು. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗಳಿಗೆ, ರೋಗರುಜಿನಗಳಿಗೆ ಆ ಕಡೆಯ ಕನ್ನಡಿಗರು ಬಂದು ಸೇರುತ್ತಿದ್ದುದು ಈ ನಗರಕ್ಕೇ. ರಾಜ್ಯಗಳ ಗಡಿ ಬದಲಾದರೂ ಆ ಹಾದಿ ಇಂದಿಗೂ ನಿಂತಿಲ್ಲ.

ಈ ಬಜಾರಿನ ಔಷಧದಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಂತರೆ ಒಂದೇ ಮಾತ್ರೆಗೆ ಎಷ್ಟು ಬಗೆಯ ಕ್ರಿಯಾಪದಗಳು ಉಂಟೆಂಬುದು ತಿಳಿಯುತ್ತದೆ. ಉರ್ದು ಮಾತನಾಡುವವರು ಗೋಲಿಯನ್ನು ‘ಖಾತೇ’ ಎನ್ನುತ್ತಾರೆ, ಅಂದರೆ ತಿನ್ನುತ್ತಾರೆ. ತೆಲುಗರು ‘ವೇಸುಕೋ’ ಎನ್ನುತ್ತಾರೆ, ಅಂದರೆ ಹಾಕಿಕೊಳ್ಳುತ್ತಾರೆ. ಮರಾಠಿಯವರು ‘ಘೇ’ ಎಂದು ತೆಗೆದುಕೊಳ್ಳುತ್ತಾರೆ. ಇಂಗ್ಲಿಷಿನವರದೂ ಅದೇ ದಾರಿ. ಅವರವರ ಭಾಷೆಯಲ್ಲಿ ಅವೆಲ್ಲವೂ ಶುದ್ಧವೇ. ಅವರವರ ಕಿವಿಗೆ ಅವುಗಳಿಂದ ಯಾವ ಗೊಂದಲವೂ ಇಲ್ಲ. ತೊಡಕು ಹುಟ್ಟುವುದು ನಾವು ಅವನ್ನು ಶಬ್ದಕ್ಕೆ ಶಬ್ದವಾಗಿ ಕನ್ನಡಕ್ಕೆ ಇಳಿಸಿಕೊಂಡಾಗ. ‘ಮಾತ್ರೆ ತಿಂದೆ’ ಎಂದೂ ‘ಗುಳಿಗೆ ಹಾಕಿಕೊಂಡೆ’ ಎಂದೂ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಹೇಳುವುದನ್ನು ಕೇಳುತ್ತಲೇ ಇದ್ದೇವೆ.

ಭಾಷೆಗಳು ಕೂಡುವ ಊರಿನಲ್ಲಿ ಇಂಥ ಸ್ವಾರಸ್ಯಗಳು ಸಹಜ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಆಸ್ಪತ್ರೆಗೆ ಇಂದಿಗೂ ‘ದವಾಖಾನೆ’ ಎನ್ನುವವರುಂಟು. ಅದರಲ್ಲಿನ ‘ಖಾನೆ’ ಪಾರಸಿಯದು, ಮನೆ ಎಂದರ್ಥ. ಉರ್ದುವಿನಲ್ಲಿ ‘ದವಾ ಖಾನಾ’ ಎಂದು ಬಿಡಿಸಿ ಹೇಳಿದರೆ ಔಷಧವನ್ನು ತಿನ್ನುವುದು ಎಂದಾಗುತ್ತದೆ. ಒಂದು ಮದ್ದಿನ ಮನೆ, ಇನ್ನೊಂದು ಮದ್ದಿನ ಊಟ! ಕಿವಿಗೆ ಬಹುಮಟ್ಟಿಗೆ ಒಂದೇ ಆಗಿ ಕೇಳುವ ಇವನ್ನು ಬಲ್ಲವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ಸಂದರ್ಭವು ಕೈಕೊಟ್ಟಾಗ ನಮ್ಮನ್ನು ಕಾಯುವುದು ಸರಿಯಾದ ಶಬ್ದವೊಂದೇ.

ನಮ್ಮ ಭಾಷೆಯ ಸಿರಿ

ಹೊರಗಿನ ವಸ್ತುವು ದೇಹದೊಳಕ್ಕೆ ಹೋಗುವ ಒಂದೊಂದು ದಾರಿಗೂ ಕನ್ನಡದಲ್ಲಿ ಒಂದೊಂದು ಕ್ರಿಯಾಪದವುಂಟು. ಅನ್ನವನ್ನು ಉಣ್ಣುತ್ತೇವೆ, ಹಣ್ಣನ್ನು ತಿನ್ನುತ್ತೇವೆ, ನೀರನ್ನು ಕುಡಿಯುತ್ತೇವೆ, ಬಿಸಿ ಕಾಫಿಯನ್ನು ಹೀರುತ್ತೇವೆ, ಕಬ್ಬನ್ನು ಅಗಿಯುತ್ತೇವೆ, ಮಾವಿನ ಓಟೆಯನ್ನು ಚೀಪುತ್ತೇವೆ, ಜೇನುತುಪ್ಪವನ್ನು ನೆಕ್ಕುತ್ತೇವೆ, ಮಾತ್ರೆಯನ್ನು ನುಂಗುತ್ತೇವೆ. ಬೀಡಿ ಸಿಗರೇಟುಗಳನ್ನು ಉರ್ದುವಿನವರೂ ತೆಲುಗರೂ ‘ಕುಡಿದರೆ’ ನಾವು ‘ಸೇದುತ್ತೇವೆ’. ಬಾವಿಯಿಂದ ನೀರನ್ನು ಸೇದುವ ಕ್ರಿಯೆಯನ್ನೇ ಹೊಗೆಗೂ ಹಚ್ಚಿದ ನಮ್ಮ ಹಿರಿಯರ ಕಣ್ಣು ಎಷ್ಟು ಸೂಕ್ಷ್ಮ! ಹೊಗೆಯು ಗಂಟಲಲ್ಲಿ ಇಳಿದು ಹೊಟ್ಟೆಗೆ ಹೋಗುವುದಿಲ್ಲ. ಉಸಿರಿನ ಹಗ್ಗದಿಂದ ಎಳೆದುಕೊಂಡಾಗ ಎದೆಗೆ ಹೋಗುತ್ತದೆ ಎಂಬ ಶರೀರಶಾಸ್ತ್ರವೇ ಆ ಶಬ್ದದಲ್ಲಿ ಅಡಗಿದೆ.

ಇದು ಬರಿಯ ಆಡುಮಾತಿನ ಸೊಗಸಲ್ಲ. ಆಯುರ್ವೇದದ ಆಚಾರ್ಯರೂ ಈ ಭೇದವನ್ನು ಮಾನ್ಯಮಾಡಿದ್ದಾರೆ. ಚರಕಸಂಹಿತೆಯಲ್ಲಿ ಆಹಾರವನ್ನು ಅಶಿತ, ಪೀತ, ಲೀಢ, ಖಾದಿತ ಎಂದು ನಾಲ್ಕು ಬಗೆಯಾಗಿ ಹೇಳಿದೆ; ಉಂಡದ್ದು, ಕುಡಿದದ್ದು, ನೆಕ್ಕಿದ್ದು, ಅಗಿದು ತಿಂದದ್ದು. ವಿಂಗಡಣೆಯು ವಸ್ತುವಿನ ಹೆಸರಿನಿಂದಲ್ಲ, ನಾವು ಅದನ್ನು ಒಳಗೊಳ್ಳುವ ಕ್ರಿಯೆಯಿಂದ. ನಮ್ಮ ಮನೆಗಳಲ್ಲಿರುವ ‘ಲೇಹ್ಯ’ವು ತನ್ನ ಬಳಕೆಯ ವಿಧಾನವನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಲೇಹ್ಯವೆಂದರೆ ನೆಕ್ಕತಕ್ಕದ್ದು. ಅದರ ಡಬ್ಬಿಯ ಮೇಲೆ ಬೇರೆ ಸೂಚನೆಯೇ ಬೇಡ.

ಇನ್ನು ‘ಹಾಕಿಕೊಳ್ಳು’ ಎಂಬುದನ್ನು ನೋಡೋಣ. ಅಂಗಿ, ಚಪ್ಪಲಿ, ಕನ್ನಡಕಗಳನ್ನು ಹಾಕಿಕೊಳ್ಳುತ್ತೇವೆ. ಗಾಯಕ್ಕೆ ಮುಲಾಮನ್ನೂ ಕಣ್ಣಿಗೆ ಹನಿಯನ್ನೂ ಹಾಕಿಕೊಳ್ಳುತ್ತೇವೆ. ಎಲೆಅಡಿಕೆಯನ್ನು ಹಾಕಿಕೊಳ್ಳುವುದೂ ಅಚ್ಚಗನ್ನಡವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ತಾಂಬೂಲವು ನುಂಗುವ ವಸ್ತುವಲ್ಲ, ಬಾಯಲ್ಲಿ ಇರಿಸಿಕೊಂಡು ಮೆಲ್ಲುವ ವಸ್ತು. ತಂಬಾಕನ್ನು ದವಡೆಗೆ ಹಾಕಿಕೊಳ್ಳುವುದೂ ಅಂಥದ್ದೇ. ಮಕ್ಕಳಿಗೆ ಪೋಲಿಯೊ ಹನಿ ‘ಹಾಕಿಸು’ವಲ್ಲಿಯೂ ಇನ್ನೊಬ್ಬರು ಹೊರಗಿನಿಂದ ಬಾಯಿಗೆ ಬಿಡುವುದಷ್ಟೇ ಅರ್ಥ. ಎಂದರೆ ನಮ್ಮ ‘ಹಾಕು’ ಧಾತುವು ಮೈಯ ಮೇಲೆ, ಹೆಚ್ಚೆಂದರೆ ಬಾಯಿಯ ಒಳಗೆ ನಿಲ್ಲುತ್ತದೆ. ಗಂಟಲಿನಿಂದ ಕೆಳಕ್ಕೆ ಇಳಿಯುವುದಿಲ್ಲ. ಇಂಥ ಅಚ್ಚುಕಟ್ಟಾದ ಗಡಿಯನ್ನು ‘ಗುಳಿಗೆ ಹಾಕಿಕೊಂಡೆ’ ಎಂದು ಅಳಿಸಿಹಾಕುವುದರಿಂದ ನಷ್ಟವಾಗುವುದು ನಮಗೇ.

ರೂಪಕಗಳಲ್ಲಿಯೂ ಜನರು ಈ ಭೇದವನ್ನು ಬಿಟ್ಟಿಲ್ಲ. ಲಂಚವನ್ನು ತಿನ್ನುತ್ತಾರೆ, ಠೇವಣಿಯನ್ನು ನುಂಗುತ್ತಾರೆ. ಮೊದಲನೆಯವನು ಸ್ವಲ್ಪ ಸ್ವಲ್ಪವಾಗಿ ರುಚಿ ನೋಡುವವನು, ಎರಡನೆಯವನು ಇಡಿಯಾಗಿ ಮಾಯಮಾಡುವವನು. ಬ್ಯಾಂಕಿನವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

‘ಸೇವಿಸು’ ಎಂಬ ಸಸ್ಪೆನ್ಸ್ ಖಾತೆ

ಇಷ್ಟೆಲ್ಲ ಶಬ್ದಗಳಿರುವಾಗ ನಮ್ಮ ಬರಹದ ಭಾಷೆ ಮಾಡಿರುವುದೇನು? ಎಲ್ಲಕ್ಕೂ ‘ಸೇವಿಸು’ ಎಂಬ ಒಂದೇ ಮುದ್ರೆಯನ್ನು ಒತ್ತುತ್ತಿದೆ. ಆಹಾರ ಸೇವನೆ, ಔಷಧ ಸೇವನೆ, ಮದ್ಯ ಸೇವನೆ, ಧೂಮ ಸೇವನೆ, ವಾಯುಸೇವನೆ, ಕಡೆಗೆ ವಿಷ ಸೇವನೆಯೂ ಕೂಡ. ಸಂಸ್ಕೃತದ ಆ ಧಾತುವಿಗೆ ಮೂಲದಲ್ಲಿ ಉಪಚರಿಸು, ಆಶ್ರಯಿಸು ಎಂಬ ಅರ್ಥಗಳು. ಗುರುಸೇವೆ, ದೇವರ ಸೇವೆ ಎನ್ನುವಾಗ ಅದೇ ಅರ್ಥ ಉಳಿದಿದೆ. ಒಂದು ವಸ್ತುವನ್ನು ಆಶ್ರಯಿಸು, ರೂಢಿಯಾಗಿ ಬಳಸು ಎಂಬುದರ ಮೂಲಕ ಅದು ತಿನ್ನುವ ಕುಡಿಯುವ ಅರ್ಥಕ್ಕೆ ಬಂದಿತು. ಶಬ್ದವು ಗೌರವದ್ದೇ, ಆದರೆ ದಾರಿಯನ್ನು ಅದು ತಿಳಿಸುವುದಿಲ್ಲ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂಬುದೊಂದುಂಟು. ಬಂದ ಹಣ ಯಾವ ಲೆಕ್ಕಕ್ಕೆ ಸೇರಬೇಕೆಂಬುದು ಆ ಕ್ಷಣಕ್ಕೆ ಗೊತ್ತಾಗದಿದ್ದರೆ ತಾತ್ಕಾಲಿಕವಾಗಿ ಅಲ್ಲಿ ಇಡುತ್ತಾರೆ. ಅದು ಅಲ್ಲಿಯೇ ಬಿದ್ದಿದ್ದರೆ ತಪಾಸಣೆಗೆ ಬಂದವರು ಸುಮ್ಮನಿರುವುದಿಲ್ಲ. ‘ಸೇವಿಸು’ ನಮ್ಮ ಕ್ರಿಯಾಪದಗಳ ಸಸ್ಪೆನ್ಸ್ ಖಾತೆ. ಅದನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೂ ತನ್ನದೇ ಆದ ಸ್ಥಾನವಿದೆ. ‘ತಂಬಾಕು ಸೇವನೆ ನಿಷಿದ್ಧ’ ಎನ್ನುವಾಗ ಸೇದುವುದು, ಅಗಿಯುವುದು, ನಶ್ಯವಾಗಿ ಏರಿಸುವುದು ಎಲ್ಲವೂ ಒಳಗಾಗಬೇಕು. ಒಂದು ದಾರಿಯನ್ನು ಹೆಸರಿಸಿದರೆ ಇನ್ನೊಂದು ದಾರಿ ತೆರೆದುಕೊಂಡೀತು. ಆದುದರಿಂದ ಅಲ್ಲಿ ಸಾಮಾನ್ಯ ಶಬ್ದವೇ ಯೋಗ್ಯ. ಆದರೆ ‘ಈ ಔಷಧವನ್ನು ಹೀಗೆ ಬಳಸು’ ಎಂದು ವಿಧಿಸುವಾಗ ಒಂದೇ ದಾರಿ ಇರುತ್ತದೆ. ಅಲ್ಲಿ ವಿಶೇಷ ಶಬ್ದವೇ ಬೇಕು. ನಿಷೇಧಕ್ಕೆ ಸಾಮಾನ್ಯ ಪದ, ವಿಧಿಗೆ ವಿಶೇಷ ಪದ: ಇದು ನನ್ನ ನಮ್ರ ಸೂತ್ರ.

ದಾರಿ ತಪ್ಪಿದರೆ

ಇದು ವ್ಯಾಕರಣದ ಚಪಲವಲ್ಲವೆಂಬುದಕ್ಕೆ ವೈದ್ಯಕೀಯದಿಂದಲೇ ಕೆಲವು ನಿದರ್ಶನಗಳನ್ನು ನೋಡಬಹುದು.

ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಗೆಯ ಕೆಳಗೆ ಇರಿಸಿಕೊಳ್ಳಬೇಕು. ಅಲ್ಲಿಂದ ಅದು ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಫಲ ಕೊಡುತ್ತದೆ. ನುಂಗಿದರೆ ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಅದರ ಬಹುಭಾಗ ಅಲ್ಲಿಯೇ ನಿಷ್ಪ್ರಯೋಜಕವಾಗುತ್ತದೆ. ಕರುಳಿನಲ್ಲಿ ಕರಗಲೆಂದು ಮೇಲುಹೊದಿಕೆ ಕೊಟ್ಟ ಮಾತ್ರೆಗಳೂ ದಿನವಿಡೀ ನಿಧಾನವಾಗಿ ಔಷಧವನ್ನು ಬಿಡುವ ಮಾತ್ರೆಗಳೂ ಉಂಟು. ಅವನ್ನು ಇಡಿಯಾಗಿ ನುಂಗಬೇಕು. ಅಗಿದರೆ ಹೊದಿಕೆಯ ಉದ್ದೇಶವೇ ಕೆಡುತ್ತದೆ, ದಿನದ ಔಷಧವೆಲ್ಲ ಒಮ್ಮೆಗೇ ಬಿಡುಗಡೆಯಾಗುವ ಭಯವೂ ಇದೆ. ಇದಕ್ಕೆ ವಿರುದ್ಧವಾಗಿ, 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುತ್ತಿರುವ ಆಲ್ಬೆಂಡಜೋಲ್ ಮಾತ್ರೆಯನ್ನು ಅಗಿದೇ ತಿನ್ನಬೇಕು. ‘ಮಾತ್ರೆ ತಿನ್ನು’ ಎಂಬುದು ಇಲ್ಲಿ ಮಾತ್ರ ಶುದ್ಧ ಕನ್ನಡ!

ವಾಂತಿಭೇದಿಯಾದವರಿಗೆ ಒಂದು ಲೀಟರ್ ನೀರಿನಲ್ಲಿ ಕರಗಿಸಿದ ಓ.ಆರ್.ಎಸ್. ಅನ್ನು ಗಟಗಟನೆ ಕುಡಿಸಿದರೆ ಮತ್ತೆ ವಾಂತಿಯಾದೀತು. ಗುಟುಕು ಗುಟುಕಾಗಿ ಕುಡಿಸಬೇಕು. ಗಂಟಲಿಗೆಂದು ಕೊಟ್ಟ ಅಯೋಡಿನ್ ದ್ರವವನ್ನು ಮುಕ್ಕಳಿಸಿ ಉಗುಳಬೇಕು. ಮೂಳೆ ಸವೆತಕ್ಕೆ ವೃದ್ಧರಿಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಲೋಟದ ತುಂಬ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ನೆಟ್ಟಗಿರಬೇಕು. ಚೀಪಿದರೆ, ಅಥವಾ ನುಂಗಿದೊಡನೆ ಮಲಗಿದರೆ ಬಾಯಿಗೋ ಅನ್ನನಾಳಕ್ಕೋ ಹುಣ್ಣಾದೀತು. ನುಂಗು, ಅಗಿ, ಚೀಪು, ಗುಟುಕರಿಸು, ಮುಕ್ಕಳಿಸು: ಐದು ಕ್ರಿಯಾಪದಗಳಲ್ಲಿ ಐದು ಚಿಕಿತ್ಸಾ ಕ್ರಮಗಳು. ಇವೆಲ್ಲಕ್ಕೂ ‘ಸೇವಿಸಿ’ ಎಂದರೆ ರೋಗಿಗೆ ತಿಳಿಯುವುದಾದರೂ ಏನು?

ಆಕಸ್ಮಿಕಗಳಲ್ಲಿಯೂ ಹೀಗೆಯೇ. ಮಗುವೊಂದು ಸೀಮೆಎಣ್ಣೆಯನ್ನು ‘ಸೇವಿಸಿದೆ’ ಎಂದು ಫೋನಿನಲ್ಲಿ ಹೇಳಿದರೆ ವೈದ್ಯರಿಗೆ ಅರ್ಧ ಸಮಾಚಾರವೂ ಮುಟ್ಟಲಿಲ್ಲ. ಕುಡಿಯಿತೋ, ಮೂಸಿತೋ, ಮೈಮೇಲೆ ಚೆಲ್ಲಿಕೊಂಡಿತೋ ಎಂಬುದರ ಮೇಲೆ ಮುಂದಿನ ಕ್ರಮ ನಿಲ್ಲುತ್ತದೆ. ಸೀಮೆಎಣ್ಣೆ ಕುಡಿದ ಮಗುವಿಗೆ ಬಲವಂತವಾಗಿ ವಾಂತಿ ಮಾಡಿಸಬಾರದೆಂಬುದು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕಾದ ಸಂಗತಿ. ವಾಂತಿಯೊಡನೆ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚಿನ ಅನರ್ಥ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ನುಂಗುವುದೂ ಸೇದುವುದೂ

ನಮ್ಮ ಹೈದರಾಬಾದಿನಲ್ಲಿ ‘ನುಂಗು’ ಎಂಬ ಕ್ರಿಯಾಪದಕ್ಕೆ ಒಂದು ದೊಡ್ಡ ಜಾತ್ರೆಯೇ ನಡೆಯುತ್ತದೆ. ಪ್ರತಿವರ್ಷ ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಬತ್ತಿನಿ ಮನೆತನದವರು ಆಸ್ತಮಾ ರೋಗಿಗಳಿಗೆ ಕೊಡುವ ಮೀನಿನ ಪ್ರಸಾದವನ್ನು ಕೇಳದವರಿಲ್ಲ. ಮೂಲಿಕೆಗಳ ಹಳದಿ ಮುದ್ದೆಯನ್ನು ಸಣ್ಣದೊಂದು ಜೀವಂತ ಕೊರಮೀನಿನ ಬಾಯಿಗಿಟ್ಟು, ಅದನ್ನು ರೋಗಿಯ ಗಂಟಲಿಗೆ ಇಳಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. 1845ರಲ್ಲಿ ಸಾಧುವೊಬ್ಬರಿಂದ ಬಂದ ಯೋಗವೆಂದು ಆ ಮನೆತನದವರ ಹೇಳಿಕೆ. ಮೊದಲು ಹಳೆಯ ನಗರದ ದೂದ್ ಬೌಲಿಯಲ್ಲಿ ನಡೆಯುತ್ತಿದ್ದುದು ಈಚಿನ ದಶಕಗಳಲ್ಲಿ ಸುಲ್ತಾನ್ ಬಜಾರಿಗೆ ಬಹು ದೂರವಲ್ಲದ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನಕ್ಕೆ ಬಂದಿದೆ. ಕರ್ನಾಟಕದಿಂದಲೂ ಜನ ಬರುತ್ತಾರೆ. ಒಂದು ಕಾಲಕ್ಕೆ ‘ಚೇಪ ಮಂದು’, ಎಂದರೆ ಮೀನಿನ ಮದ್ದು, ಎನಿಸಿದ್ದುದಕ್ಕೆ ವಿಚಾರವಾದಿಗಳ ಆಕ್ಷೇಪಗಳು ಎದ್ದ ಮೇಲೆ ‘ಪ್ರಸಾದ’ವೆಂಬ ಹೆಸರೇ ನಿಂತಿತು. ಮದ್ದಾದರೆ ಗುಣವನ್ನು ಪ್ರಯೋಗದಿಂದ ತೋರಿಸಬೇಕು. ಪ್ರಸಾದಕ್ಕೆ ನಂಬಿಕೆ ಸಾಕು. ಒಂದು ಶಬ್ದದ ಬದಲಾವಣೆಯಿಂದ ಹೊಣೆಯೇ ಬದಲಾಗುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಭಕ್ತರ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರಿಂದ ಆಸ್ತಮಾ ಗುಣವಾಗುವುದೆಂಬುದಕ್ಕೆ ವೈಜ್ಞಾನಿಕ ಪುರಾವೆ ದೊರೆತಿಲ್ಲವೆಂಬುದನ್ನು ಹೇಳಲೇಬೇಕು. ಅದನ್ನು ನಂಬಿ ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ಬಿಟ್ಟುಬಿಡುವುದು ಪ್ರಾಣಾಪಾಯಕ್ಕೆ ದಾರಿ. ಆಸ್ತಮಾ ಶ್ವಾಸನಾಳದ ರೋಗ. ಅದಕ್ಕೆ ಮದ್ದು ನೇರವಾಗಿ ತಲುಪುವ ದಾರಿ ಉಸಿರಿನದು. ಇಲ್ಲಿಯೇ ಕ್ರಿಯಾಪದದ ಅಪಾಯವೊಂದು ಹೊಂಚುಹಾಕಿದೆ. ಪುಡಿಯ ಇನ್‌ಹೇಲರುಗಳಿಗೆ ಬರುವ ಕ್ಯಾಪ್ಸೂಲುಗಳು ನೋಡಲು ನುಂಗುವ ಕ್ಯಾಪ್ಸೂಲುಗಳಂತೆಯೇ ಇರುತ್ತವೆ. ಅವನ್ನು ಯಂತ್ರದಲ್ಲಿಟ್ಟು ಒಳಗಿನ ಪುಡಿಯನ್ನು ಬಾಯಿಂದ ಸೇದಬೇಕು. ಅವನ್ನು ರೋಗಿಗಳು ನುಂಗಿಬಿಡುತ್ತಿದ್ದಾರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಅಕ್ಷರಸ್ಥರ ಆ ದೇಶದಲ್ಲಿಯೇ ಹಾಗಾದರೆ ನಮ್ಮ ಹಳ್ಳಿಯ ಅಜ್ಜಿಯರ ಪಾಡೇನು? ‘ಅಜ್ಜೀ, ಕ್ಯಾಪ್ಸೂಲ್ ತಗೊಳ್ರಿ’ ಎಂದರೆ ಅವರು ನುಂಗದೆ ಇನ್ನೇನು ಮಾಡಿಯಾರು? ‘ಪುಡಿಯನ್ನು ಸೇದ್ರಿ’ ಎಂದರೆ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಇಂಗ್ಲಿಷಿನವರು ಪುಟಗಟ್ಟಲೆ ವಿವರಿಸುವುದನ್ನು ಕನ್ನಡದ ಎರಡಕ್ಷರದ ಧಾತು ಹೇಳಿಬಿಡುತ್ತದೆ.

ದಾರಿ ಬೇರೆಯಾದರೆ ಪರಿಣಾಮವೂ ಬೇರೆಯೆಂಬ ತತ್ತ್ವಕ್ಕೂ ಈ ನಗರಕ್ಕೂ ಹಳೆಯ ನಂಟು. ಕ್ಲೋರೋಫಾರಂ ಕೊಟ್ಟಾಗ ಸಾವು ಸಂಭವಿಸುವುದು ಉಸಿರು ನಿಲ್ಲುವುದರಿಂದಲೋ ಹೃದಯ ನಿಲ್ಲುವುದರಿಂದಲೋ ಎಂದು ತೀರ್ಮಾನಿಸಲು ಡಾ. ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದ್ದು ಇಲ್ಲಿಯೇ. ಅದೇ ಕ್ಲೋರೋಫಾರಂ ಆ ಕಾಲದ ಹೊಟ್ಟೆನೋವಿನ ಮದ್ದುಗಳಲ್ಲಿ ಕೆಲವು ಹನಿಗಳಾಗಿ ಇರುತ್ತಿದ್ದಿತು. ಮೂಸಿದರೆ ಮೂರ್ಛೆ, ಕುಡಿದರೆ ಹೊಟ್ಟೆಗೆ ಮದ್ದು!

ಆಕ್ಷೇಪ ಮತ್ತು ಸಮಾಧಾನ

‘ಅರ್ಥವಾದರೆ ಸಾಕು, ಶಬ್ದದ ಗೊಡವೆ ಏಕೆ?’ ಎನ್ನುವವರಿದ್ದಾರೆ. ಅರ್ಥವಾಗುವುದು ಮಾತನಾಡುವವರೂ ಕೇಳುವವರೂ ಒಂದೇ ಊರಿನವರಾದಾಗ. ಹೈದರಾಬಾದಿನ ಮಗನಿಗೆ ‘ಹಾಕಿಕೊಳ್ಳು’ ಎಂದರೆ ನುಂಗುವುದಾಗಿರಬಹುದು. ಲಿಂಗಸುಗೂರಿನಲ್ಲಿರುವ ತಾಯಿಗೆ ಅದು ಹಚ್ಚಿಕೊಳ್ಳುವುದೇ ಆಗಿದೆ. ಎದುರಿಗಿದ್ದರೆ ಕೈಸನ್ನೆಯಾದರೂ ನೆರವಾದೀತು. ಫೋನಿನಲ್ಲಿ ಶಬ್ದವೊಂದೇ ಗತಿ.

‘ಪೊಟ್ಟಣದ ಮೇಲೆ ಎಲ್ಲವೂ ಅಚ್ಚಾಗಿರುತ್ತದಲ್ಲ’ ಎನ್ನುವವರೂ ಇದ್ದಾರೆ. ಹಚ್ಚುವ ಔಷಧಗಳ ಮೇಲೆ ‘ಬಾಹ್ಯ ಉಪಯೋಗಕ್ಕೆ ಮಾತ್ರ’ ಎಂದು ಅಚ್ಚುಮಾಡಬೇಕೆಂದು 1945ರ ಔಷಧ ನಿಯಮಗಳು ವಿಧಿಸಿರುವುದು ನಿಜ. ಆದರೆ ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಭೂತಗನ್ನಡಿಗೆ ಮಾತ್ರ ನಿಲುಕುವ ಅಕ್ಷರಗಳಲ್ಲಿ ಇರುತ್ತದೆ. ವೈದ್ಯರ ಚೀಟಿಯಲ್ಲಿ 1-0-1 ಎಂಬ ಅಂಕಿಗಳಿರುತ್ತವೆ. ಎಷ್ಟು ಹೊತ್ತಿಗೆಂಬುದು ತಿಳಿಯುತ್ತದೆ, ಹೇಗೆಂಬುದು ತಿಳಿಯುವುದಿಲ್ಲ. ಚೆಕ್ಕಿನಲ್ಲಿ ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತೇವೆ. ಎರಡಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದುದೇ ಪ್ರಮಾಣವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಪ್ರಕರಣ ಹೇಳುತ್ತದೆ. ನೂರು ರೂಪಾಯಿಯ ಚೆಕ್ಕಿಗೆ ಇಷ್ಟು ಎಚ್ಚರ ವಹಿಸುವ ನಾವು ಹೆತ್ತವರ ಔಷಧದ ವಿಷಯದಲ್ಲಿ ಅಂಕಿಗಳನ್ನಷ್ಟೇ ನಂಬಿ ಕುಳಿತರೆ ಆದೀತೇ?

ನಾವು ಮಾಡಬಹುದಾದುದು

ಕೆಲಸ ದೊಡ್ಡದೇನಲ್ಲ. ಮನೆಯಲ್ಲಿ ವೃದ್ಧರಿಗೆ ಔಷಧ ತಂದಾಗ ಒಂದೊಂದು ಪೊಟ್ಟಣದ ಮೇಲೂ ಕನ್ನಡದ ಒಂದೇ ಒಂದು ಕ್ರಿಯಾಪದವನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ: ನುಂಗಿ, ಅಗಿಯಿರಿ, ಚೀಪಿ, ಕುಡಿಯಿರಿ, ಸೇದಿ, ಹಚ್ಚಿ, ಮುಕ್ಕಳಿಸಿ ಉಗುಳಿ, ನಾಲಗೆಯ ಕೆಳಗೆ ಇರಿಸಿ. ಯಾವುದೆಂದು ತಿಳಿಯದಿದ್ದರೆ ಅಂಗಡಿಯವರನ್ನು, ಅವರಿಗೂ ಸಂಶಯವಾದರೆ ವೈದ್ಯರನ್ನು ಕೇಳಲು ಸಂಕೋಚ ಬೇಡ. ಊರಿಗೆ ಫೋನು ಮಾಡಿ ಹೇಳುವಾಗ ‘ತಗೊಳ್ರಿ’ ಎಂದು ಮುಗಿಸದೆ ಆ ಕ್ರಿಯಾಪದವನ್ನೇ ಹೇಳಿ, ಮರಳಿ ಅವರ ಬಾಯಿಂದ ಹೇಳಿಸಿ. ನಮ್ಮ ಸಂಘವು ಇಂಥ ಹತ್ತು ಹನ್ನೆರಡು ಕ್ರಿಯಾಪದಗಳನ್ನು ಚಿತ್ರಸಹಿತವಾಗಿ ಒಂದು ಚೀಟಿಯಲ್ಲಿ ಅಚ್ಚುಹಾಕಿಸಿ ಸದಸ್ಯರಿಗೆ ಹಂಚಿದರೆ ಅದು ಭಾಷಾಸೇವೆಯೂ ಹೌದು, ಆರೋಗ್ಯಸೇವೆಯೂ ಹೌದು.

ಇದೇ ಸುಲ್ತಾನ್ ಬಜಾರಿನಲ್ಲಿ 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು ಹುಟ್ಟಿತು. ಉರ್ದು ಪ್ರಬಲವಾಗಿದ್ದ ರಾಜಧಾನಿಯಲ್ಲಿ ತೆಲುಗರು ತಮ್ಮ ಭಾಷೆಯನ್ನು ಉಳಿಸಿಕೊಳ್ಳಲು ಒಂದು ಗ್ರಂಥಾಲಯವನ್ನು ಕಟ್ಟಿದರು. ಅದಕ್ಕೆ ನಮಗೂ ಅವರಿಗೂ ಸಮಾನವಾಗಿ ಸೇರಿದ ಅರಸನ ಹೆಸರನ್ನಿಟ್ಟರು. ಪರರ ಭಾಷೆಯನ್ನು ದ್ವೇಷಿಸದೆ ತಮ್ಮ ಭಾಷೆಯನ್ನು ಕಾಯುವ ಆ ದಾರಿ ನಮಗೂ ಮೇಲ್ಪಂಕ್ತಿ. ತೆಲುಗರೊಡನೆ ತೆಲುಗನ್ನೂ ಉರ್ದುವಿನವರೊಡನೆ ಉರ್ದುವನ್ನೂ ಚೆನ್ನಾಗಿ ಆಡೋಣ. ಕನ್ನಡವನ್ನಾಡುವಾಗ ಮಾತ್ರ ಕನ್ನಡದ ಕ್ರಿಯಾಪದವನ್ನೇ ಆಡೋಣ. ಅದು ಅಭಿಮಾನದ ಮಾತಷ್ಟೇ ಅಲ್ಲ. ದೂರದ ಊರಿನಲ್ಲಿ ನಮ್ಮ ಫೋನಿಗೆ ಕಿವಿಗೊಟ್ಟು, ಕೈಯಲ್ಲಿ ಮಾತ್ರೆಯನ್ನು ಹಿಡಿದು ಕುಳಿತ ಹಿರಿಯರ ಕ್ಷೇಮದ ಮಾತು.